ಮೇಷ್ಟ್ರ ತಲೆಯಲ್ಲಿದ್ದ ಐದಂಕಿ

ನಮ್ಮ ಪ್ರಯೋಗದ ಗಡಿಯಾರ ಸುಳ್ಳು ಹೇಳುತ್ತಿತ್ತು. ಹೇಳಲಿ ಎಂದೇ ಇಟ್ಟಿದ್ದೆವು. ಎಷ್ಟು ಸುಳ್ಳು ಎಂಬುದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅವರು ನಮ್ಮ ಕಾಲೇಜಿನಿಂದ ನಿವೃತ್ತರಾದ ಗಣಿತದ ಮೇಷ್ಟ್ರು, ಒಂದು ಕಾಲಕ್ಕೆ ನನಗೂ ಪಾಠ ಹೇಳಿದವರು. ಆ ಸಂಖ್ಯೆಯನ್ನು ಎಲ್ಲಿಯೂ ಬರೆದಿಡಕೂಡದು ಎಂದು ನಿಯಮ ಮಾಡಿದವನು ನಾನು.

ಇಂಥ ನಿಯಮ ಯಾಕೆ ಎಂದು ಮೊದಲೇ ಹೇಳದಿದ್ದರೆ ಮುಂದಿನದೆಲ್ಲ ಹುಚ್ಚಾಟದಂತೆ ಕಾಣುತ್ತದೆ. ಕಣಗಳನ್ನು ಅಳೆಯುವವರಿಗೆ ಒಂದು ಕಾಯಿಲೆಯಿದೆ. ಉತ್ತರ ಸುಮಾರು ಎಷ್ಟು ಬರಬೇಕೆಂದು ಪುಸ್ತಕದಲ್ಲಿ ಓದಿರುತ್ತಾರೆ. ಅಷ್ಟು ಬಾರದಿದ್ದರೆ ಎಲ್ಲಿ ತಪ್ಪಾಯಿತೆಂದು ಹುಡುಕುತ್ತಾರೆ, ಅಷ್ಟು ಬಂದ ಕೂಡಲೇ ಹುಡುಕುವುದನ್ನು ನಿಲ್ಲಿಸಿ ಚಹಾ ತರಿಸುತ್ತಾರೆ. ಹೀಗೆ ಪ್ರಾಮಾಣಿಕರೇ ತಮಗೆ ಗೊತ್ತಿಲ್ಲದೆ ಬೇಕಾದ ಉತ್ತರದ ಕಡೆಗೆ ಜಾರುತ್ತಾರೆ. ಅದಕ್ಕೆ ದೊಡ್ಡ ಪ್ರಯೋಗಾಲಯಗಳಲ್ಲಿ ಅಳೆಯುವವರು ತಮ್ಮ ಕಣ್ಣಿಗೆ ತಾವೇ ಬಟ್ಟೆ ಕಟ್ಟಿಕೊಳ್ಳುವ ಪದ್ಧತಿಯಿದೆ. ಹೊರಗಿನ ಒಬ್ಬರು ಲೆಕ್ಕದಲ್ಲಿ ಒಂದು ಗುಟ್ಟಿನ ಸಂಖ್ಯೆಯನ್ನು ಬೆರೆಸುತ್ತಾರೆ. ಯಾವ ದತ್ತಾಂಶ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಅನಿಶ್ಚಿತತೆ ಎಷ್ಟು ಎಂಬುದನ್ನೆಲ್ಲ ತೀರ್ಮಾನಿಸಿ ಬೀಗ ಹಾಕಿದ ಮೇಲೆಯೇ ಆ ಸಂಖ್ಯೆಯನ್ನು ಕೇಳುವುದು. ಕೇಳಿದ ಮೇಲೆ ಏನನ್ನೂ ತಿದ್ದುವಂತಿಲ್ಲ.

ಮನೆಗೆ ಬೀಗ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ, ಬೀಗ ಜಗ್ಗಿ ನೋಡಲು ತಿರುಗಿ ಬರುವ ಮನುಷ್ಯ ನಾನು. ಇಂಥವನಿಗೆ ಈ ಪದ್ಧತಿ ಎಷ್ಟು ಹಿತವಾಗಿ ಕಂಡಿರಬೇಕು, ಊಹಿಸಿಕೊಳ್ಳಿ.

ಪ್ರಯೋಗ ಇಷ್ಟು. ಆಕಾಶದಿಂದ ಮ್ಯೂಯಾನ್ ಎಂಬ ಕಣಗಳು ಹಗಲೂ ಇರುಳೂ ಸುರಿಯುತ್ತಿರುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೊಂದರಂತೆ ಅದರೊಳಗಿಂದ ಹಾದುಹೋಗುತ್ತವೆ. ಅವುಗಳ ಆಯುಷ್ಯ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಎರಡು ಪಾಲಿನಷ್ಟು. ಅವುಗಳಲ್ಲಿ ಧನ ವಿದ್ಯುತ್ತಿನವು ಕೆಲವು, ಋಣ ವಿದ್ಯುತ್ತಿನವು ಕೆಲವು. ಋಣದವು ಯಾವುದಾದರೂ ಪದಾರ್ಥದಲ್ಲಿ ಬಂದು ನಿಂತರೆ ಅಲ್ಲಿನ ಪರಮಾಣುಗಳ ಬೀಜ ಅವುಗಳಲ್ಲಿ ಕೆಲವನ್ನು ನುಂಗಿಬಿಡುತ್ತದೆ, ಹಾಗಾಗಿ ಅವು ತುಸು ಬೇಗ ಸಾಯುತ್ತವೆ. ಎರಡೂ ಕಲೆತ ಗುಂಪಿನ ಸರಾಸರಿ ಆಯುಷ್ಯವನ್ನು ಸೂಕ್ಷ್ಮವಾಗಿ ಅಳೆದರೆ, ಗುಂಪಿನಲ್ಲಿ ಧನಕ್ಕೂ ಋಣಕ್ಕೂ ಇರುವ ಅನುಪಾತವನ್ನು ಲೆಕ್ಕ ಹಾಕಬಹುದು. ಬಳ್ಳಾರಿಯ ಆಕಾಶದಲ್ಲಿ ಆ ಅನುಪಾತ ಎಷ್ಟು ಎಂಬುದು ನನ್ನ ಸಂಶೋಧನಾ ವಿದ್ಯಾರ್ಥಿನಿಯ ಪಿಎಚ್.ಡಿ. ವಿಷಯ. ಹೇಳಲು ಸರಳ. ಆದರೆ ಆಯುಷ್ಯದ ಅಳತೆ ನೂರಕ್ಕೆ ಒಂದು ಪಾಲು ತಪ್ಪಿದರೂ ಅನುಪಾತ ಅಂಗಾತ ಬೀಳುತ್ತದೆ.

ಆಕೆಗೆ ಮೂವತ್ತು ದಾಟಿತ್ತು. ಮನೆ ಕುರುಗೋಡಿನಲ್ಲಿ, ತಾಯಿಯ ಜೊತೆ. ಕೆಲಸ ಸಿರುಗುಪ್ಪದ ಕಾಲೇಜೊಂದರಲ್ಲಿ, ಅತಿಥಿ ಉಪನ್ಯಾಸಕಿ. ಪ್ರಯೋಗ ಬಳ್ಳಾರಿಯಲ್ಲಿ. ಈ ಮೂರು ಊರುಗಳ ಬಸ್ಸುಗಳಲ್ಲೇ ಆಕೆಯ ಓದು, ಬರಹ, ಊಟ ಎಲ್ಲ ನಡೆಯುತ್ತಿತ್ತು. ಪಿಎಚ್.ಡಿ. ಇಲ್ಲದವರ ಹೆಸರು ಮುಂದಿನ ವರ್ಷದಿಂದ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಉಳಿಯುವುದಿಲ್ಲ ಎಂದು ಕಾಲೇಜಿನವರು ಹೇಳಿದ್ದರು. ನೋಂದಣಿಯ ಅವಧಿಗೆ ಸಿಕ್ಕಿದ್ದ ವಿಸ್ತರಣೆ ಕೊನೆಯದು. ಆ ವರ್ಷ ಪ್ರಬಂಧ ಸಲ್ಲಿಸಿ ಪಾಸಾದರೆ ಕೆಲಸ, ಇಲ್ಲದಿದ್ದರೆ ಎರಡೂ ಇಲ್ಲ. ಇದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಅದರ ಬಗ್ಗೆ ಕಾಳಜಿ ಮಾಡುವ ಕೆಲಸವನ್ನು ಮಾತ್ರ ನಾನೊಬ್ಬನೇ ವಹಿಸಿಕೊಂಡಿದ್ದೆ.

ಮೊದಲು ಉಪಕರಣವನ್ನು ಕುರುಗೋಡಿನಲ್ಲೇ, ಆಕೆಯ ಬಂಧುಗಳ ಹಳೆಯ ಗೋದಾಮಿನಲ್ಲಿ ಇಟ್ಟೆವು. ಗಟ್ಟಿ ಕಲ್ಲಿನ ಗೋಡೆ, ತಂಪು, ಸದ್ದಿಲ್ಲ. ಉಪಕರಣವೆಂದರೆ ಕಣ ಹಾದುಹೋದಾಗ ಒಳಗೇ ಮಿಣುಕುವ ಒಂದು ಪ್ಲಾಸ್ಟಿಕ್ ದಿಮ್ಮಿ, ಆ ಮಿಣುಕನ್ನು ವಿದ್ಯುತ್ತಿನ ಬಡಿತವಾಗಿ ಮಾಡುವ ಒಂದು ನಳಿಗೆ, ಹೊರಗಿನ ಬೆಳಕು ನುಸುಳದಂತೆ ಒಂದು ಕಪ್ಪು ಪೆಟ್ಟಿಗೆ. ದಿಮ್ಮಿ ಬೇಕಾದ್ದಕ್ಕಿಂತ ಬಹಳ ಹೆಚ್ಚು ಮಿಣುಕತೊಡಗಿತು. ಬೆಳಕು ಸೋರುತ್ತಿದೆಯೆಂದು ಕಂಬಳಿ ಹೊದಿಸಿದೆವು, ಕಂಬಳಿಯ ಮೇಲೆ ಇನ್ನೊಂದು ಕಂಬಳಿ. ಕೊನೆಗೆ ಗೊತ್ತಾಯಿತು, ಮಿಣುಕಿಸುತ್ತಿದ್ದದ್ದು ಗೋಡೆಯೇ. ನಮ್ಮ ಕಡೆಯ ಕಲ್ಲಿನಲ್ಲೇ ಅಷ್ಟಿಷ್ಟು ವಿಕಿರಣವಿರುತ್ತದೆ. ತಾನು ಆಡಿ ಬೆಳೆದ ಊರಿನ ಕಲ್ಲೇ ತನ್ನ ಪ್ರಬಂಧವನ್ನು ಕೆಡಿಸುತ್ತಿದೆ ಎಂದು ಆಕೆಗೆ ಬೇಸರವಾಯಿತು. ಎಲ್ಲವನ್ನೂ ಕಟ್ಟಿಕೊಂಡು ಬಳ್ಳಾರಿಗೆ ಬಂದೆವು. ನೋಂದಣಿಯ ಅವಧಿಯಲ್ಲಿ ಒಂದು ದೊಡ್ಡ ತುಂಡು ಅಲ್ಲಿಗೇ ಹೋಯಿತು.

ಬಳ್ಳಾರಿಯ ಕಾಲೇಜಿನಲ್ಲಿ ದಿಮ್ಮಿಯನ್ನು ಕೆಳಗಿನ ಕೋಣೆಯಲ್ಲಿ, ಗಡಿಯಾರದ ಪೆಟ್ಟಿಗೆಯನ್ನು ಮೇಲಿನ ಉಗ್ರಾಣದಲ್ಲಿ ಇಟ್ಟೆವು. ನಡುವೆ ಉದ್ದನೆಯ ಕೇಬಲ್. ಗಡಿಯಾರ ಸೆಕೆಂಡಿಗೆ ಸುಮಾರು ಹತ್ತು ಕೋಟಿ ಸಲ ಟಿಕ್ ಎನ್ನುತ್ತದೆ. ಮ್ಯೂಯಾನ್ ಬಂದು ನಿಂತಾಗ ಒಂದು ಬಡಿತ, ಅದು ಸತ್ತಾಗ ಇನ್ನೊಂದು ಬಡಿತ, ನಡುವೆ ಎಷ್ಟು ಟಿಕ್ ಎಂದು ಎಣಿಸುವುದಷ್ಟೇ ಕೆಲಸ. ಆ "ಸುಮಾರು" ಎಂಬಲ್ಲಿ ಗುಟ್ಟು. ಹತ್ತು ಕೋಟಿಗೆ ನೂರಕ್ಕೆ ಮೂರರಷ್ಟು ಹಿಂದೆಮುಂದೆ ಎಲ್ಲಿಯಾದರೂ ಇರುವಂತೆ ಮೇಷ್ಟ್ರು ಒಂದು ಐದಂಕಿಯ ಸಂಖ್ಯೆಯನ್ನು ಪೆಟ್ಟಿಗೆಗೆ ಕೊಡುತ್ತಾರೆ. ಅದು ಗೊತ್ತಿಲ್ಲದೆ ಟಿಕ್ಕುಗಳನ್ನು ಸಮಯವಾಗಿ ಬದಲಿಸಲು ಬರುವುದಿಲ್ಲ.

ಒಂದು ಲಕೋಟೆಯಲ್ಲಿ ಬರೆದು, ಅರಗು ಹಾಕಿ, ಪ್ರಾಂಶುಪಾಲರ ಬೀರುವಿನಲ್ಲಿ ಇಡೋಣ ಎಂದು ಆಕೆ ಆಗಲೇ ಹೇಳಿದ್ದಳು. ಬೇಡವೆಂದೆ. ಬೀರುವಿನ ಕೀಲಿ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು, ನನ್ನ ಸ್ವಭಾವವೂ ಗೊತ್ತಿತ್ತು. ಮೇಷ್ಟ್ರಿಗಂತೂ ಲಕೋಟೆಯ ಮಾತು ಕೇಳಿಯೇ ಅವಮಾನವಾಯಿತು. ಒಂದು ಫೋನ್ ನಂಬರನ್ನೂ ಬರೆದಿಟ್ಟುಕೊಂಡವರಲ್ಲ ಅವರು.

“ಬರಕೊಳ್ಳಾಕ ನಾನೇನು ಕಿರಾಣಿ ಅಂಗಡಿ ಇಟ್ಟೀನೇನಲೇ?” ಎಂದರು. “ತಲ್ಯಾಗ ಇರ್ತೈತಿ ಬಿಡು.”

ಪೆಟ್ಟಿಗೆ ಅಗ್ಗದ್ದು. ಕರೆಂಟು ಹೋದರೆ ಕೊಟ್ಟ ಸಂಖ್ಯೆಯನ್ನು ಮರೆತುಬಿಡುತ್ತಿತ್ತು. ಯುಪಿಎಸ್ ಸ್ವಲ್ಪ ಹೊತ್ತು ತಡೆಯುತ್ತಿತ್ತು, ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಹೋಯಿತೆಂದರೆ ಎಣಿಕೆ ನಿಲ್ಲುತ್ತಿತ್ತು, ನಾನು ಮೇಷ್ಟ್ರಿಗೆ ಫೋನು ಮಾಡುತ್ತಿದ್ದೆ. ಅವರು ಪಾರ್ವತಿನಗರದಿಂದ ಸ್ಕೂಟರ್ ಹತ್ತಿ ಬರುತ್ತಿದ್ದರು. ವಿದ್ಯುತ್ ಇಲಾಖೆಯವರನ್ನು ತೆಲುಗಿನಲ್ಲಿ ಬೈಯುತ್ತ ಮೆಟ್ಟಿಲು ಹತ್ತಿ, ನಮ್ಮಿಬ್ಬರನ್ನೂ ಹೊರಗೆ ಅಟ್ಟಿ, ಬಾಗಿಲು ಹಾಕಿಕೊಂಡು ಸಂಖ್ಯೆ ಹಾಕುತ್ತಿದ್ದರು. ಅಂಕಿ ಕಾಣುವ ಕಿಟಕಿಗೆ ಕಪ್ಪು ಟೇಪು ಅಂಟಿಸಿ, ಅದರ ಮೇಲೆ ಸಹಿ ಮಾಡಿ ಹೊರಬರುತ್ತಿದ್ದರು.

“ಇವತ್ತು ಬ್ಯಾರೆ ನಂಬರ್ ಹಚ್ಚೀನವಾ” ಎಂದು ಆಕೆಯ ಹತ್ತಿರ ಒಮ್ಮೆ ಅಂದರು. “ನಿಮ್ಮ ಸರ್ ಎರಡು ದಿನ ನಿದ್ದಿ ಮಾಡಂಗಿಲ್ಲ, ನೋಡ್ಕ್ಯಂತಿರು.”

ಮಾಡಲಿಲ್ಲ, ನಿಜ. ಕರೆಂಟು ಹೋಗುವ ಮುಂಚಿನ ಎಣಿಕೆಯನ್ನೂ ನಂತರದ ಎಣಿಕೆಯನ್ನೂ ಹೋಲಿಸಿ ನೋಡಿದೆವು. ಟಿಕ್ಕುಗಳಲ್ಲಿ ಆಯುಷ್ಯ ಎರಡು ಕಡೆಯೂ ಒಂದೇ ಬಂತು. ಅಂದರೆ ಮೇಷ್ಟ್ರು ಪ್ರತಿ ಸಲವೂ ಅದೇ ಐದಂಕಿಯನ್ನು ಹಾಕುತ್ತಿದ್ದರು. ಒಂದಂಕಿಯೂ ಹೆಚ್ಚುಕಡಿಮೆ ಇಲ್ಲ.

ಎಣಿಕೆ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿಯ ಫೋನು ಬಂತು. ಬಚ್ಚಲಿನಲ್ಲಿ ಬಿದ್ದಿದ್ದಾರೆ, ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ. ಆಸ್ಪತ್ರೆಗೆ ಓಡಿದೆ. ಆಟೋದಲ್ಲಿ ಕೂತಾಗ ಮನಸ್ಸಿಗೆ ಮೊದಲು ಬಂದದ್ದು ಮೇಷ್ಟ್ರು ಎಂದು ಹೇಳಿಕೊಳ್ಳುವ ಆಸೆ ನನಗೂ ಇದೆ. ಮೊದಲು ಬಂದದ್ದು ಗಡಿಯಾರ.

ಗಡಿಯಾರ ಆಗ ನಡೆಯುತ್ತಿತ್ತು, ಮೇಷ್ಟ್ರ ಸಂಖ್ಯೆಯಲ್ಲೇ. ಟೇಪು ಕಿತ್ತರೆ ಸಾಕಿತ್ತು. ಆದರೆ ಕಿತ್ತು ನಾವಿಬ್ಬರು ಓದುವಂತಿಲ್ಲ, ಯಾಕೆಂದರೆ ವಿಶ್ಲೇಷಣೆಗೆ ಇನ್ನೂ ಬೀಗ ಬಿದ್ದಿರಲಿಲ್ಲ. ಮೂರನೆಯವರು ಓದಿ ಇಟ್ಟುಕೊಳ್ಳಬೇಕು.

“ಯಾರಾದ್ರೂ ಆಗ್ಲಿ ಸರ್, ಇವತ್ತೇ ಓದಿಸಿಬಿಡೂಣು” ಎಂದಳು ವಿದ್ಯಾರ್ಥಿನಿ.

ಯಾರಾದರೂ ಆಗಲಿ ಎಂಬ ಮಾತು ನನಗೆ ಹಿಡಿಸುವುದಿಲ್ಲ. ರಸಾಯನಶಾಸ್ತ್ರದವರಿಗೆ ಹೇಳಿದರೆ ಸ್ಟಾಫ್ ರೂಮಿಗೆಲ್ಲ ಗೊತ್ತಾಗುತ್ತದೆ. ಪ್ರಾಂಶುಪಾಲರಿಗೆ ಹೇಳಿದರೆ ಸಭೆಯಲ್ಲಿ ಪ್ರಕಟಿಸುತ್ತಾರೆ. ಗ್ರಂಥಪಾಲಕರು ಬಾಯಿ ಬಿಡುವವರಲ್ಲ, ಆದರೆ ಅವರು ಏಳನ್ನು ಒಂದರಂತೆ ಬರೆಯುತ್ತಾರೆ. ಹೀಗೆ ಒಬ್ಬೊಬ್ಬರ ಚಾರಿತ್ರ್ಯವನ್ನು ತೂಗುತ್ತ ಶನಿವಾರ ಕಳೆದೆ. ಭಾನುವಾರ ರಸ್ತೆಯಾಚೆ ಟ್ರಾನ್ಸ್‌ಫಾರ್ಮರ್ ಕೆಲಸವಿದೆಯೆಂದು ಕರೆಂಟು ತೆಗೆದರು. ಯುಪಿಎಸ್ ತನ್ನ ಪಾಲಿನ ಹೊತ್ತು ತಡೆದು ನಿಂತಿತು. ಸೋಮವಾರ ಹೋಗಿ ನೋಡಿದರೆ ಪೆಟ್ಟಿಗೆಯ ಕೆಂಪು ದೀಪ ಮಿಟುಕುತ್ತಿತ್ತು. ಇನ್ನೇನು ಎಂದು ಟೇಪು ಕಿತ್ತೆವು. ಕಾರ್ಖಾನೆಯಿಂದ ಬಂದಾಗಿನ ದುಂಡನೆಯ ಹತ್ತು ಕೋಟಿ, ಒಂದರ ಮುಂದೆ ಬರೀ ಸೊನ್ನೆಗಳು. ಆಕೆ ಆ ಟೇಪನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೇಷ್ಟ್ರು ಮನೆಗೆ ಬಂದರು. ಮಾತು ನಿಧಾನವಾಗಿ ತಿರುಗಿ ಬಂತು, ಹೆಸರುಗಳು ಬಂದವು, ಬೈಗುಳ ಎಲ್ಲಕ್ಕಿಂತ ಮೊದಲು ಬಂತು. ಸಂಖ್ಯೆಗಳು ಬರಲಿಲ್ಲ. ಇನ್ನೊಬ್ಬರ ಬಾಯಿಂದ ಕೇಳಿದ ಸಂಖ್ಯೆ ಅವರಿಗೆ ಅರ್ಥವಾಗುತ್ತದೆ, ಲೆಕ್ಕದ ದಾರಿಯೂ ಗೊತ್ತಾಗುತ್ತದೆ, ಆದರೆ ಹೇಳಲು ಹೋದರೆ ಬಾಯಿಗೆ ಬೇರೊಂದು ಬರುತ್ತದೆ, ಬಂದದ್ದು ಬೇರೆಯದೆಂದು ಅವರಿಗೆ ತಿಳಿಯುವುದಿಲ್ಲ ಎಂದರು ಡಾಕ್ಟರು. ಒಂದು ಕಾಲಕ್ಕೆ ಹದಿಮೂರರ ಮಗ್ಗಿಯನ್ನು ಹಿಂದಿನಿಂದ ಹೇಳಿಸುತ್ತಿದ್ದವರು ತಮ್ಮ ಮನೆಯ ನಂಬರನ್ನು ದಿನಕ್ಕೊಂದು ಹೇಳುತ್ತಿದ್ದರು.

ಸಂಕೋಚಪಡುತ್ತಲೇ ಕೇಳಿದೆವು. ಅವರು ಒಂದು ಕ್ಷಣವೂ ತಡವರಿಸದೆ ಐದಂಕಿ ಹೇಳಿದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಚಹಾ ಕುಡಿದು ಏಳುವಾಗ, ಖಾತ್ರಿಗೆಂದು ಮತ್ತೊಮ್ಮೆ ಕೇಳಿದೆ. ಬೇರೆ ಐದಂಕಿ ಹೇಳಿದರು, ಅಷ್ಟೇ ಠೀವಿಯಿಂದ. ಮರುದಿನ ತೆಲುಗಿನಲ್ಲಿ ಒಂದು, ಅದರ ಮರುದಿನ ಇಂಗ್ಲಿಷಿನಲ್ಲಿ ಇನ್ನೊಂದು. ಎಲ್ಲವೂ ನಾವು ಹಾಕಿಕೊಂಡಿದ್ದ ಎಲ್ಲೆಯ ಒಳಗೇ ಇದ್ದವು, ಅದೇ ಕ್ರೂರವಾದದ್ದು. ಯಾವುದನ್ನೂ ಸುಳ್ಳೆಂದು ತಳ್ಳುವಂತಿರಲಿಲ್ಲ.

ನಾನು ವಾರಗಟ್ಟಲೆ ಪಾರ್ವತಿನಗರಕ್ಕೆ ಹೋದೆ. ಆರೋಗ್ಯ ವಿಚಾರಿಸುವ ನೆಪ, ಕೈಯಲ್ಲಿ ಬಾಳೆಹಣ್ಣು. ಹೋದಾಗಲೆಲ್ಲ ಒಂದು ಸಲ ಕೇಳುವುದು, ಅವರ ಔಷಧಿ ಚೀಟಿಯ ಬೆನ್ನ ಮೇಲೆ ಬರೆದುಕೊಳ್ಳುವುದು. ಒಂದು ಸಂಜೆ ಹತ್ತಾರು ಸಂಖ್ಯೆಗಳಾದವು. ಅಭ್ಯಾಸಬಲ ಎನ್ನಲೋ ಏನೆನ್ನಲೋ, ಕೂಡಿಸಿ ಭಾಗಿಸಿ ಸರಾಸರಿ ತೆಗೆದೆ. ಸರಾಸರಿಯಿಂದ ಒಂದೊಂದೂ ಎಷ್ಟು ದೂರವಿದೆ ಎಂದು ನೋಡಿದೆ. ಹರಡಿಕೆ ಲೆಕ್ಕ ಹಾಕಿದೆ. ಮೇಷ್ಟ್ರ ಹೆಂಡತಿ ನೀರು ತಂದುಕೊಟ್ಟು ನಿಂತರು.

“ಏನು ಬರಿಯಾಕತ್ತೀಯಪ್ಪ, ಡಾಕ್ಟರು ಏನರ ಹೊಸಾ ಗುಳಿಗಿ ಹೇಳ್ಯಾರೇನು?”

ಏನಿಲ್ಲಮ್ಮಾ ಎಂದೆ. ಮೇಷ್ಟ್ರು ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದರು. ಅವರ ಕಾಯಿಲೆಯ ಸರಾಸರಿ ನನ್ನ ಕೈಯಲ್ಲಿತ್ತು, ದಶಮಾಂಶದ ಮುಂದೆ ಎರಡು ಸ್ಥಾನದವರೆಗೆ. ಆಮೇಲೆ ನಾನು ಅವರನ್ನು ಕೇಳಲಿಲ್ಲ. ಚೀಟಿಯನ್ನು ಮಾತ್ರ ಎಸೆಯಲಿಲ್ಲ.

ಈ ನಡುವೆ ವಿದ್ಯಾರ್ಥಿನಿ ಸುಮ್ಮನೆ ಕೂತಿರಲಿಲ್ಲ. ಸಂಖ್ಯೆ ಸಿಗಲಿ ಬಿಡಲಿ, ವಿಶ್ಲೇಷಣೆಯನ್ನು ಮುಗಿಸಿದಳು, ಇನ್ನು ಮುಟ್ಟುವುದಿಲ್ಲ ಎಂದು ಇಬ್ಬರೂ ಸಹಿ ಹಾಕಿದೆವು. ಒಂದು ಮಧ್ಯಾಹ್ನ ಸಿರುಗುಪ್ಪದಿಂದ ನೇರ ಲ್ಯಾಬಿಗೆ ಬಂದವಳು, ಬಸ್ಸಿನ ಧೂಳು ಮುಖದ ಮೇಲಿದ್ದಂತೆಯೇ, ನಮ್ಮ ಹಳೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಎಷ್ಟು ಟಿಕ್ಕಿಗೆ ಎಷ್ಟು ಮ್ಯೂಯಾನ್ ಸತ್ತವು ಎಂಬ ನಕ್ಷೆ ಅದು, ಇಳಿಜಾರಿನಂತೆ ಇಳಿಯುತ್ತ ಹೋಗುತ್ತದೆ. ಆದರೆ ಶುರುವಿನ ಹತ್ತಿರ ಒಂದು ಸಣ್ಣ ಗೂನು. ಅದು ಸಾವಲ್ಲ, ಪ್ರತಿಧ್ವನಿ. ಕೇಬಲ್ಲಿನ ತುದಿಯನ್ನು ಕೌಲ್ ಬಜಾರಿನ ಆಂಪ್ಲಿಫೈಯರ್ ರಿಪೇರಿಯವರ ಹತ್ತಿರ ಬೆಸೆಸಿದ್ದೆವು. ಅದು ನಮ್ಮ ಕೇಬಲ್ಲಿಗೆ ಸರಿಯಾಗಿ ಹೊಂದದೆ, ಪ್ರತಿ ಬಡಿತದ ಒಂದು ಚೂರು ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿತ್ತು. ಗೂನು ಇರುವ ಭಾಗವನ್ನು ಕೊಳೆಯೆಂದು ಮೊದಲೇ ಬಿಟ್ಟಿದ್ದೆವು.

“ಈ ಡುಬ್ಬ ಎಷ್ಟನೇ ಟಿಕ್ಕಿಗೆ ಐತಿ ಅಂತ ಗೊತ್ತೈತ್ರಿ” ಎಂದಳು. “ಕೇಬಲ್‌ನಾಗ ಬಡಿತ ಹೋಗಿ ಬರಾಕ ಖರೇ ಎಷ್ಟು ಹೊತ್ತು ಬೇಕು ಅಂತ ಈಗ ಅಳೀಬಹುದು. ಭಾಗಿಸಿದ್ರ ಗಡಿಯಾರದ ಓಟ ಬಂತಲ್ರಿ ಸರ್.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವಳು ಹೇಳಿದ್ದು ಸರಿಯಾಗಿತ್ತು, ನ್ಯಾಯವಾಗಿಯೂ ಇತ್ತು. ಮ್ಯೂಯಾನಿನ ಆಯುಷ್ಯವನ್ನು ನೋಡದೆ, ಉತ್ತರದ ಮುಖ ನೋಡದೆ, ಗಡಿಯಾರವನ್ನಷ್ಟೇ ತಿಳಿಯುವ ದಾರಿ. ಬಡಿತಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೊಸ್ಕೋಪು ತಂದು ಕೇಬಲ್ಲಿಗೆ ಜೋಡಿಸಲು ಬಗ್ಗಿದೆ. ಆಕೆ ಕೇಬಲ್ಲಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

“ಏನಮ್ಮಾ?”

“ಸರ್, ಈ ಕೇಬಲ್ ಆಗಿನಷ್ಟು ಉದ್ದ ಇಲ್ರಿ.”

ಎಣಿಕೆ ನಿಂತಿದ್ದ ವಾರಗಳಲ್ಲಿ ಕೆಳಗಿನ ಕೋಣೆಗೆ ಇಲಿಗಳು ಬಂದು ಕೇಬಲ್ಲಿನ ಆ ಬದಿಯನ್ನು ಕಡಿದಿದ್ದವು. ಕಡಿದ ಭಾಗವನ್ನು ಕತ್ತರಿಸಿ, ಹೊಸ ತುದಿ ಹಾಕಿ, ತುಂಡನ್ನು ಕಸಕ್ಕೆ ಎಸೆದವಳು ಅವಳೇ. ಎಣಿಕೆಯೇ ಮುಗಿದಿತ್ತು, ಯಾರಾದರೂ ಹಾಗೇ ಮಾಡುತ್ತಿದ್ದರು. ಎಷ್ಟು ಉದ್ದ ಕತ್ತರಿಸಿದ್ದೆ ಎಂದು ಕೇಳಿದೆ. ಕೈ ಚಾಚಿ ತೋರಿಸಿದಳು. ಒಂದು ಗೇಣಿಗಿಂತ ಹೆಚ್ಚು. ಮೂರು ಗೇಣಿಗಿಂತ ಕಡಿಮೆ. ಮತ್ತೆ ತೋರಿಸು ಎಂದೆ. ಎರಡನೆಯ ಸಲ ಕೈಗಳು ಸ್ವಲ್ಪ ಹತ್ತಿರ ಬಂದವು. ಮೂರನೆಯ ಸಲ ಕೇಳಲು ಬಾಯಿ ತೆರೆದವನು ಪಾರ್ವತಿನಗರದ ಸಂಜೆಯನ್ನು ನೆನೆದು ಸುಮ್ಮನಾದೆ.

ಪ್ರಕಾಶದ ವೇಗದ ಲೆಕ್ಕದಲ್ಲಿ ಒಂದು ಗೇಣೆಂದರೆ ಏನೂ ಅಲ್ಲ. ನಮಗೆ ಬೇಕಾದ ಸೂಕ್ಷ್ಮದಲ್ಲಿ ಅದೇ ಬೆಟ್ಟ. ಗೂನಿನ ಅಗಲ ಒಂದಿಷ್ಟು, ಬೇಸಿಗೆಯ ಕಾವಿಗೆ ಕೇಬಲ್ ಬದಲಾಗುವುದು ಒಂದಿಷ್ಟು, ಎಲ್ಲಕ್ಕಿಂತ ಹೆಚ್ಚಾಗಿ ಆ ಗೇಣು. ಒಂದಕ್ಕೊಂದು ಸಂಬಂಧವಿಲ್ಲದ ಇಂಥ ಅನಿಶ್ಚಿತತೆಗಳನ್ನು ಹಾಗೇ ಕೂಡಿಸುವುದಿಲ್ಲ. ಒಂದೊಂದನ್ನೂ ವರ್ಗ ಮಾಡಿ, ಕೂಡಿಸಿ, ಮೊತ್ತದ ವರ್ಗಮೂಲ ತೆಗೆಯುತ್ತಾರೆ. ಸಣ್ಣವು ಅಲ್ಲಿ ಅಳಿದೇ ಹೋಗುತ್ತವೆ, ದೊಡ್ಡದೊಂದು ಉಳಿದು ಆಳುತ್ತದೆ. ಆಕೆ ಲೆಕ್ಕ ಮುಗಿಸಿದಳು. ಅನುಪಾತ ಒಂದು ಪಾಯಿಂಟ್ ಮೂರು. ಅನಿಶ್ಚಿತತೆ ಆಚೆಗೂ ಈಚೆಗೂ ಪಾಯಿಂಟ್ ನಾಲ್ಕು.

ಓದುಗರಿಗೆ ಇದರ ಅರ್ಥ ಹೀಗೆ ಹೇಳಬಹುದು. ವರ್ಷಗಟ್ಟಲೆ ದುಡಿದ ಮೇಲೆ ನಾವು ಕಂಡುಹಿಡಿದದ್ದು, ಬಳ್ಳಾರಿಯ ಆಕಾಶದಲ್ಲಿ ಧನ ಮ್ಯೂಯಾನುಗಳು ಋಣದವಕ್ಕಿಂತ ಹೆಚ್ಚಿರಬಹುದು, ಸಮನಾಗಿಯೂ ಇರಬಹುದು, ಕಡಿಮೆ ಇಲ್ಲವೆಂದೂ ಖಂಡಿತ ಹೇಳಲಾಗದು. ಇದನ್ನು ಹೇಳಲು ಉಪಕರಣವೇ ಬೇಕಿರಲಿಲ್ಲ.

ಆಗ ನಾನು ಚೀಟಿ ತೆಗೆದೆ. ಪ್ರತಿಧ್ವನಿ ಕೊಟ್ಟ ಎಲ್ಲೆಯೊಳಗೆ ಮೇಷ್ಟ್ರು ಹೇಳಿದ ಸಂಖ್ಯೆಗಳಲ್ಲಿ ಎರಡು ಬೀಳುತ್ತಿದ್ದವು. ಅವುಗಳಲ್ಲಿ ಒಂದು ಮೊಟ್ಟಮೊದಲ ದಿನ, ತಡವರಿಸದೆ ಹೇಳಿದ್ದು. ಅದನ್ನು ಹಾಕಿ ಲೆಕ್ಕ ಮಾಡಿದರೆ ಅನುಪಾತ ಪುಸ್ತಕದಲ್ಲಿರುವ ಬೆಲೆಯ ಪಕ್ಕದಲ್ಲೇ ಬಂದು ಕೂರುತ್ತಿತ್ತು. ಅನಿಶ್ಚಿತತೆ ಅರ್ಧಕ್ಕೆ ಇಳಿಯುತ್ತಿತ್ತು. ಪ್ರಬಂಧ ಪಾಸಾಗುತ್ತಿತ್ತು.

ನಾನು ಬಹಳ ಚೆನ್ನಾಗಿ ವಾದಿಸಿದೆ ಎಂದು ಈಗಲೂ ಅನಿಸುತ್ತದೆ. ಸಂಖ್ಯೆ ಇಟ್ಟುಕೊಂಡವರು ಕೇಳಿದಾಗ ಹೇಳಿದರು, ಸ್ವತಂತ್ರವಾದ ಇನ್ನೊಂದು ಅಳತೆ ಅದನ್ನು ಸಮರ್ಥಿಸಿತು ಎಂದು ಬರೆದರೆ ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಇದು ವಂಚನೆಯಲ್ಲ, ಇರುವ ಮಾಹಿತಿಯನ್ನು ಬಳಸಿಕೊಳ್ಳುವುದು. ನಿನ್ನ ಕೆಲಸ ಇದರ ಮೇಲೆ ನಿಂತಿದೆ, ನಿನ್ನ ತಾಯಿಯ ಬಗ್ಗೆ ಯೋಚಿಸು ಎಂದೂ ಹೇಳಿದೆ. ಪ್ರಯೋಗದವರನ್ನು ಅವರಿಂದಲೇ ಕಾಪಾಡಬೇಕೆಂದು ನಿಯಮ ಮಾಡಿದ್ದವನು ಮೇಜಿನ ಈ ಬದಿಗೆ ಕೂತು ಇಷ್ಟೆಲ್ಲ ಹೇಳಿದೆ.

ಆಕೆ ಚೀಟಿಯನ್ನು ತನ್ನ ಕಡೆ ತಿರುಗಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು.

“ಉಳದವನ್ನೂ ಅವ್ರೇ ಹೇಳ್ಯಾರಲ್ರಿ ಸರ್” ಎಂದಳು.

“ಅವು ಎಲ್ಲೆಯೊಳಗೆ ಬರೋದಿಲ್ಲಮ್ಮಾ.”

“ಅದಕ್ಕ ಅವನ್ನ ಬಿಡ್ತೀವಿ. ಇದು ನಮಗ ಬೇಕಾದಂಗ ಬಂತು, ಅದಕ್ಕ ಇಟ್ಕಂತೀವಿ.” ಚೀಟಿಯನ್ನು ಎರಡಾಗಿ ಮಡಿಸಿದಳು. “ಇದನ್ನ ಮಾಡಬಾರದು ಅಂತನ ಮೇಷ್ಟ್ರನ್ನ ಸ್ಕೂಟರ್ ಮ್ಯಾಲ ಅಷ್ಟು ಸಲ ಓಡ್ಯಾಡ್ಸಿದ್ವಿ.”

ಚೀಟಿಯನ್ನು ನನಗೆ ತಿರುಗಿ ಕೊಟ್ಟಳು. ಪ್ರಬಂಧದಲ್ಲಿ ಒಂದು ಪಾಯಿಂಟ್ ಮೂರು, ಪ್ಲಸ್ ಆರ್ ಮೈನಸ್ ಪಾಯಿಂಟ್ ನಾಲ್ಕು ಎಂದು ಬರೆದಳು. ಅನಿಶ್ಚಿತತೆಗಳ ಕೋಷ್ಟಕದಲ್ಲಿ ಯಾವುದು ಎಲ್ಲಿಂದ ಬಂತೆಂದು ಸಾಲುಸಾಲಾಗಿ ಕೊಟ್ಟಳು. ಮೇಷ್ಟ್ರ ಕಾಯಿಲೆಗೆ ಸಾಲಿರಲಿಲ್ಲ, ಇಲಿಗೂ ಇರಲಿಲ್ಲ. “ಗಡಿಯಾರ” ಎಂದಷ್ಟೇ ಇತ್ತು. ಮಾರ್ಗದರ್ಶಕನ ಜಾಗದಲ್ಲಿ ನಾನು ಸಹಿ ಹಾಕಿದೆ. 

ಪರೀಕ್ಷಕರು ಇಬ್ಬರು. ಒಬ್ಬರು ಒಪ್ಪಿದರು. ಇನ್ನೊಬ್ಬರು, ಹೊರ ರಾಜ್ಯದವರು, ವಿಧಾನವನ್ನು ಮೆಚ್ಚಿಕೊಂಡು ನಾಲ್ಕು ಸಾಲು ಬರೆದು, ಈ ಅನಿಶ್ಚಿತತೆಯಲ್ಲಿ ಯಾವ ತೀರ್ಮಾನಕ್ಕೂ ಬರಲಾಗದು, ಹೊಸದಾಗಿ ಅಳೆದು ಮತ್ತೆ ಸಲ್ಲಿಸಬೇಕು ಎಂದು ಐದನೆಯ ಸಾಲಿನಲ್ಲಿ ಹೇಳಿದರು. ನ್ಯಾಯವಾದ ಮಾತು, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಹೊಸದಾಗಿ ಅಳೆಯಲು ಒಂದು ವರ್ಷ ಬೇಕು. ನೋಂದಣಿಗೆ ಅಷ್ಟು ಉಸಿರಿರಲಿಲ್ಲ. ನಾನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಇಳಿದೆ. ಎಲ್ಲರೂ ಕೂರಿಸಿ ಮಾತಾಡಿದರು, ಯಾರ ಕೈಯಲ್ಲೂ ಏನೂ ಇರಲಿಲ್ಲ. ಹೊಸ ವರ್ಷದ ತರಗತಿಗಳು ಶುರುವಾದಾಗ ಸಿರುಗುಪ್ಪದ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಈಗ ಕುರುಗೋಡಿನ ಒಂದು ಖಾಸಗಿ ಶಾಲೆಯಲ್ಲಿ ಎಂಟನೆಯ ತರಗತಿಗೆ ವಿಜ್ಞಾನ ಹೇಳುತ್ತಾಳೆ.

ಆಮೇಲೆ ಒಂದು ದಿನ ಬಳ್ಳಾರಿಗೆ ಬಂದವಳು ಮೇಷ್ಟ್ರನ್ನು ನೋಡಬೇಕೆಂದಳು. ಕೆಲಸ ಹೋದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವುದು ಬೇಡ ಎಂದು ದಾರಿಯಲ್ಲೇ ಅಂದೆ, ಆಕೆ ಹೂಂ ಅಂದಳು. ಮೇಷ್ಟ್ರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು, ಬಲಗೈ ಮಡಿಲಲ್ಲಿ. ಆಕೆಯನ್ನು ಕಂಡು ಮುಖ ಅರಳಿತು. ತಾಯಿಯನ್ನು, ಊರನ್ನು, ಬಸ್ಸನ್ನು ವಿಚಾರಿಸಿದರು. ಆಮೇಲೆ ಕೇಳಿಯೇ ಬಿಟ್ಟರು.

“ಎಷ್ಟು ಬಂತವಾ?”

“ಒಂದು ಪಾಯಿಂಟ್ ಮೂರು ಸರ್. ಆಚೀಚಿ ಪಾಯಿಂಟ್ ನಾಕು.”

ಅವರು ತಲೆಯೆತ್ತಿ ಆಕೆಯನ್ನು ನೋಡಿದರು. ಕೇಳಿದ ಸಂಖ್ಯೆ ಅವರಿಗೆ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದು ಸರಿಯಾಗಿತ್ತು.

“ಅಷ್ಟಾ?” ಎಂದರು. ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಸರಿಸಿಕೊಂಡು, “ಅದ್ರಾಗ ನಂದೆಷ್ಟು?”

ನಾನು ಅವರ ಕುರ್ಚಿಯ ಹಿಂದೆ ನಿಂತಿದ್ದವನು ಕೈಯಾಡಿಸಿ ಬೇಡವೆಂದೆ. ಆಕೆ ನನ್ನ ಕೈಯನ್ನು ನೋಡಿದಳು.

“ಗಡಿಯಾರದ್ದ ಮುಕ್ಕಾಲು ಪಾಲು ಸರ್.”

ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಬಂದ ಅವರ ಹೆಂಡತಿ ಅಲ್ಲೇ ನಿಂತರು. ಮೇಷ್ಟ್ರು ಕಣ್ಣು ಮುಚ್ಚಿದರು. ಅಳುತ್ತಿದ್ದಾರೆ ಎಂದುಕೊಂಡು ನಾನು ಮುಂದೆ ಬಂದೆ. ಅಳುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಎಡಗೈಯ ಬೆರಳು ಕುರ್ಚಿಯ ಮೇಲೆ ಏನನ್ನೋ ಬರೆಯುತ್ತಿತ್ತು.

“ವರ್ಗ ಮಾಡಿ ಕೂಡಿಸೀಯಿಲ್ಲ?”

“ಹೌದ್ರಿ ಸರ್.”

“ಹಂಗಾರ ಸರಿ” ಎಂದರು.

ಚಹಾ ಕುಡಿದು ಹೊರಗೆ ಬಂದೆವು. ಗೇಟಿನ ಹತ್ತಿರ, ಒಂದಿಷ್ಟು ಕಡಿಮೆ ಹೇಳಬಹುದಿತ್ತಲ್ಲಮ್ಮಾ ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಆಕೆಯ ದನಿಯಲ್ಲಿ ಇರಲಿಲ್ಲ.

“ಅವ್ರು ಕೇಳಿದ್ರಲ್ರಿ ಸರ್. ಕೇಳಿದ್ದಕ್ಕ ಹೇಳಿದೆ.”

ಕುರುಗೋಡಿನ ಬಸ್ಸಿಗೆ ಹೊತ್ತಾಗಿತ್ತು. ಆಟೋ ನಿಲ್ಲಿಸಿ ಹತ್ತಿಸಿದೆ. ಅದು ತಿರುಗಿಕೊಂಡು ಹೋಗುವವರೆಗೆ ಅಲ್ಲೇ ನಿಂತಿದ್ದೆ. ನನ್ನ ಪಾಲು ಎಷ್ಟು ಎಂದು ನಾನೂ ಕೇಳಬಹುದಿತ್ತು. ಆಕೆ ಹೇಳಿಬಿಡುತ್ತಿದ್ದಳು. ಕೇಳಲಿಲ್ಲ.